ನೋಟು ಕೊಟ್ಟವನ ಮುಂದೆಯೇ ತಕರಾರು

ಯಾತ್ರೆಯ ಬಸ್ಸಿನ ಅಡುಗೆಯವಳು ಚೆನ್ನಾಜಮ್ಮ, ಕಠ್ಮಂಡುವಿನ ಬ್ಯಾಂಕಿನಲ್ಲಿ ನಮ್ಮ ರೂಪಾಯಿ ಕೊಟ್ಟು ನೇಪಾಳಿ ನೋಟು ಬದಲಿಸಿಕೊಂಡು ಹೊರಬಂದಳು. ಇಪ್ಪತ್ತೈದು ಜನರ ಮೂರು ದಿನದ ಊಟದ ದುಡ್ಡು ಅವಳ ಚೀಲದಲ್ಲಿತ್ತು.

ಕೋಟಿನವನೊಬ್ಬ ಅಡ್ಡ ನಿಂತು ಹಿಂದಿಯಲ್ಲಿ ಗದರಿದ. “ನಾನು ಪೊಲೀಸ್. ನಿನ್ನ ನೋಟು ಖೋಟಾ. ಚೀಲ ಕೊಡು, ಇಲ್ಲಾ ಜೈಲಿಗೆ ನಡೆ.”

ಚೆನ್ನಾಜಮ್ಮ ಹೆದರಿದಳು. ಪರದೇಶದ ಜೈಲಿನಿಂದ ಬಿಡಿಸುವವರು ಯಾರು? ಆದರೂ ಸಂತೆಯಲ್ಲಿ ಕಲಿತದ್ದು ನೆನಪಾಯಿತು: ನೋಟಿನ ತಕರಾರು ಕೊಟ್ಟವನ ಮುಂದೆಯೇ ಆಗಬೇಕು.

ಚೀಲವನ್ನು ಎದೆಗವಚಿಕೊಂಡು ಅವನ ಮಣಿಕಟ್ಟು ಹಿಡಿದಳು. “ಖೋಟಾನಾ ಸಾಹೇಬರೇ! ಕೊಟ್ಟವನು ಒಳಗೇ ಕೂತಿದ್ದಾನೆ. ಬನ್ನಿ, ಮೊದಲು ಅವನಿಗೆ ಬೇಡಿ ಹಾಕಿ!”

ಬಾಗಿಲಲ್ಲಿದ್ದ ಬಂದೂಕಿನ ಕಾವಲುಗಾರ ತಿರುಗಿ ನೋಡಿದ. ಸಾಹೇಬ ಬಿಳಿಚಿಕೊಂಡ. “ಬಿಡಮ್ಮಾ, ಕೈ ಬಿಡು!” ಎಂದು ಕೊಸರಿಕೊಂಡು ಓಡಿದ.

ಅವಳ ಹೆದರಿಕೆ ಮಾತ್ರ ಅಡುಗೆಯ ಹೊತ್ತಿಗೂ ಇಳಿದಿರಲಿಲ್ಲ. ಅಂದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಊಟದ ದುಡ್ಡು ಉಳಿಯಿತಲ್ಲ ಎಂದು ಯಾತ್ರಿಕರೆಲ್ಲ ಗೊಣಗದೆ ಉಂಡರು.