ತಾಯಿ ಮಲಗಿದ ಜಾಗದ ಹುಲ್ಲು

ಭೂಮಿ ಇನ್ನೂ ಹಸಿ ಮಡಕೆಯಂತಿದ್ದ ಕಾಲ. ಆಗ ದನಗಳು ಹುಲ್ಲು ಕಂಡಲ್ಲೆಲ್ಲ ಬಾಯಿ ಹಾಕುತ್ತಿದ್ದವು.

ಒಂದು ಹೊಳೆಯ ದಡದಲ್ಲಿ ಕಾಟಜ್ಜ ದನ ಕಾಯುತ್ತಿದ್ದ. ಮೇವು ತೀರುತ್ತ ಬಂದಾಗ ದೊಡ್ಡ ದನಗಳನ್ನು ಆಚೆ ದಡಕ್ಕೆ ದಾಟಿಸಿದ. ಅಲ್ಲಿ ಅವನ ಹೆಂಡತಿ ಸಿದ್ದವ್ವ ನೋಡಿಕೊಳ್ಳುತ್ತಿದ್ದಳು. ಹಾಲು ಬಿಟ್ಟ ಕರುಗಳು ಅಜ್ಜನ ಜೊತೆ ಈಚೆಗೇ ಉಳಿದವು. ನೀರು ಎದೆ ಮಟ್ಟಕ್ಕೆ ನಿಲ್ಲುವಷ್ಟು ಎತ್ತರ ಬೆಳೆದ ಕರುವಿಗೆ ಮಾತ್ರ ದಾಟಲು ಹೊಳೆಯ ಅಪ್ಪಣೆ.

ಒಂದೊಂದಾಗಿ ಎಲ್ಲವೂ ದಾಟಿದವು. ಮಚ್ಚಿ ಎಂಬ ಕರು ಉಳಿಯಿತು.

ಸಂಜೆಯಾದರೆ ಆಚೆಯಿಂದ ತಾಯಿ ಕೂಗುತ್ತಿದ್ದಳು. ಮಚ್ಚಿ ನೀರಿಗಿಳಿದು ಕೇಳುತ್ತಿದ್ದಳು, "ಹೊಳೆಯಮ್ಮಾ, ಇವತ್ತು?"

"ಕಿವಿ ಮುಳುಗ್ತದೆ. ಹೋಗು."

ಬೇಗ ಬೆಳೆಯಲೆಂದು ಮಚ್ಚಿ ಇನ್ನಷ್ಟು ತಿಂದಳು. ತಿಂದದ್ದು ಮೈಗೆ ಹತ್ತಲಿಲ್ಲ. ಕೂದಲು ಒರಟಾಯಿತು.

"ಹೊಟ್ಟೆ ಗುಡಾಣ, ಕಾಲು ಕಡ್ಡಿ!" ಎಂದು ಕಾಗೆ ನಕ್ಕಿತು.

ಸಗಣಿ ಹುಳು ನಗಲಿಲ್ಲ. ಉಂಡೆ ತಳ್ಳುವುದನ್ನು ನಿಲ್ಲಿಸಿ ಕೇಳಿತು, "ಎಲ್ಲಿ ಮೇಯ್ತೀಯ?"

"ಅಮ್ಮ ಮಲಗ್ತಿದ್ದಲ್ಲಿ. ಅವಳ ಸಗಣಿ ಬಿದ್ದು ಹುಲ್ಲು ಕಡುಹಸಿರು. ಅವಳ ವಾಸನೆ ಇದೆ. ಕಣ್ಣು ಬಿಟ್ಟ ಕೂಡಲೇ ಹೋಗ್ತೀನಿ, ಇಬ್ಬನಿ ಇರುವಾಗಲೇ."

"ಅದೇ ತಪ್ಪು. ಆ ಸಗಣೀಲಿ ಕೂದಲಿಗಿಂತ ಸಣ್ಣ ಹುಳ ಹುಟ್ತವೆ. ಇಬ್ಬನಿ ಹಿಡಿದು ಹುಲ್ಲಿನ ತುದಿಗೆ ಏರ್ತವೆ. ನಿನ್ನ ಹೊಟ್ಟೆ ಸೇರ್ತವೆ. ಆಮೇಲೆ ಮೇಯೋಳು ನೀನು, ಬೆಳೆಯೋದು ಅವು."

"ಆ ಜಾಗವನ್ನೂ ಬಿಟ್ಟರೆ ಅಮ್ಮನದು ನನಗೆ ಏನು ಉಳೀತು?"

ಹುಳು ಮತ್ತೆ ತನ್ನ ಉಂಡೆ ತಳ್ಳಿಕೊಂಡು ಹೋಯಿತು.

ಅಜ್ಜ ಕೇಳಿಸಿಕೊಂಡಿದ್ದ. ಹೊಟ್ಟೆಯ ಹುಳ ಸಾಯಲೆಂದು ಕಹಿ ಬೇರು ಅರೆದು ರಸ ತೆಗೆದ. ಬಿದಿರಿನ ಗೊಟ್ಟಕ್ಕೆ ತುಂಬಿ ಮಚ್ಚಿಯ ಮೂತಿ ಎತ್ತಿದ.

"ನುಂಗು."

"ಕಹಿ, ಅಜ್ಜಾ!"

"ಗೊತ್ತು."

"ಬೆಳೀತೀನಾ?"

ಅಜ್ಜ ಆಚೆ ದಡದ ಒಲೆಯ ಹೊಗೆ ನೋಡಿದ. "ನಿನ್ನಜ್ಜಿ ಎರಡು ಮಳೆಗಾಲದಿಂದ ಒಬ್ಬಳೇ ಮುದ್ದೆ ತಿರುವ್ತಿದ್ದಾಳೆ. ಬೇಗ ಬೆಳಿ."

ಮರುದಿನ ಬೆಳಿಗ್ಗೆ ಕಾಲುಗಳು ತಾವಾಗಿಯೇ ಹಳೆಯ ಜಾಗಕ್ಕೆ ನಡೆದವು. ಮಚ್ಚಿ ಮೂತಿ ಇಟ್ಟಳು. ಅಮ್ಮನ ವಾಸನೆ. ಆದರೆ ಮೇಯಲು ಬಾಯಿ ತೆರೆಯಲಿಲ್ಲ. ತುಂಬ ಹೊತ್ತು ನಿಂತಳು. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಕಲ್ಲುದಿಬ್ಬಕ್ಕೆ ಹೋಗಿ ಗಿಡ್ಡ ಹುಲ್ಲು ಕಚ್ಚಿದಳು. ಅದಕ್ಕೆ ಯಾರ ವಾಸನೆಯೂ ಇರಲಿಲ್ಲ.

ದಿನವೂ ಹಾಗೆಯೇ. ಹೊಟ್ಟೆ ಇಳಿಯಿತು. ಕೂದಲು ಮಿಂಚಿತು. ಮೊದಲಿಗಿಂತ ಕಡಿಮೆ ತಿಂದಳು, ತಿಂದದ್ದೆಲ್ಲ ಮೈಗೆ ಹತ್ತಿತು.

ಒಂದು ಸಂಜೆ ಹೊಳೆಯೇ ಕರೆಯಿತು. "ಎದೆ ಮಟ್ಟ ಕಣೇ. ಬಾ."

ಮಚ್ಚಿ ಇಳಿದಳು. ಅಜ್ಜ ಅವಳ ಬಾಲ ಹಿಡಿದುಕೊಂಡು ಹಿಂದೆಯೇ ಇಳಿದ.

ಆಚೆ ದಡದಲ್ಲಿ ತಾಯಿ ಅವಳನ್ನು ಕಿವಿಯಿಂದ ಬಾಲದವರೆಗೆ ನೆಕ್ಕಿದಳು.

"ಅಮ್ಮಾ, ನೀನು ಮಲಗಿದ ಜಾಗ ನಾನು ಬಿಟ್ಟುಬಿಟ್ಟೆ."

"ಬಿಟ್ಟಿದ್ದಕ್ಕೇ ಬಂದೆ, ಮಗಳೇ."

ಇವತ್ತಿಗೂ ಮೇಯುವ ದನವನ್ನು ನೋಡು. ಸಗಣಿಯ ಸುತ್ತ ಎದ್ದ ಕಡುಹಸಿರು ಹುಲ್ಲಿನ ಹತ್ತಿರ ಬರುತ್ತದೆ, ಒಂದು ಗಳಿಗೆ ಮೂಸುತ್ತದೆ, ಉಸ್ಸೆಂದು ಉಸಿರು ಬಿಟ್ಟು ಬೇರೆ ಹುಲ್ಲಿಗೆ ಹೋಗುತ್ತದೆ.