ಲೇಹ್ಯದ ಇಮೇಲ್ ಬಂದ ದಾರಿ

“ಗುರುಗಳೇ, ಪೀಡೆಯ ಮೂಲ ಸಿಕ್ಕಿಬಿಟ್ಟರೆ ಪೀಡೆ ಕಳೆದಂತೆಯೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಭೂಮಾಪಕನಿದ್ದ. ಅವನ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂದು ಬುಧವಾರ ಬೆಳಿಗ್ಗೆ ಹಾಲು ಕಾಯಲಿಟ್ಟು, ಆಕೆಯ ಫೋನಿನಲ್ಲಿ ಗ್ಯಾಸ್ ಏಜೆನ್ಸಿಯ ನಂಬರು ಹುಡುಕುತ್ತಿದ್ದ. ಆಗ ಒಂದು ಇಮೇಲ್ ಬಂತು. ‘ಸುಭದ್ರಮ್ಮನವರೇ, ನಿನ್ನೆಯಾದರೂ ನಿದ್ದೆ ಬಂತೇ? ನಮ್ಮ ಲೇಹ್ಯ ತರಿಸಿ ನೋಡಿ.’ ಹಾಲು ಉಕ್ಕಿಹೋಯಿತು.

ಮರುದಿನ ಇನ್ನೊಂದು ಬಂತು. ಆಮೇಲೆ ದಿನಕ್ಕೊಂದು. ಬೇಡವೆಂದು ಬರೆದ, ಆದರೂ ಬಂತು. ಸತ್ತವಳ ಹೆಸರು ಹಿಡಿದು ದಿನಾ ಕೂಗುವವನು ಯಾರು? ಆ ಬಾಯಿಂದ ಅವಳ ಹೆಸರನ್ನು ಬಿಡಿಸದೆ ತನಗೆ ನೆಮ್ಮದಿಯಿಲ್ಲ ಎಂದುಕೊಂಡ.

ಜಮೀನಿನವರ ಮಾತಿಗಿಂತ ಗಡಿಕಲ್ಲನ್ನು ನಂಬಿ ಬದುಕಿದವನು ಅವನು. ಕಳುಹಿಸಿದವನು ಬರೆದುಕೊಂಡ ಹೆಸರನ್ನು ನಂಬಲಿಲ್ಲ. ಅದನ್ನು ಯಾರು ಏನೆಂದಾದರೂ ಬರೆದುಕೊಳ್ಳಬಹುದು. ಇಮೇಲಿನ ಮರೆಯಲ್ಲಿ, ಅದು ಹಾದುಬಂದ ಒಂದೊಂದು ಕಂಪ್ಯೂಟರ್ ಯಂತ್ರವೂ ಅಂಚೆಯ ಮುದ್ರೆಯಂತೆ ಒಂದೊಂದು ಸಾಲು ಬರೆದಿರುತ್ತದೆ. ಆ ಸಾಲುಗಳಲ್ಲಿ ಇಮೇಲ್ ಹೊರಟ ಯಂತ್ರದ ಸಂಖ್ಯೆ ಸಿಕ್ಕಿತು. ಅದು ಯಾರದೆಂದು ಸಾರ್ವಜನಿಕ ದಾಖಲೆಯಲ್ಲಿ ನೋಡಿದ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪನಿಯದು. ಅವರಿಗೆ ದೂರು ಬರೆದ, ಉತ್ತರ ಬರಲಿಲ್ಲ. ಲೇಹ್ಯ ಮಾರುವ ಜಾಲತಾಣದ ಹೆಸರು ಯಾರ ಹೆಸರಿನಲ್ಲಿದೆ ಎಂದು ಇನ್ನೊಂದು ದಾಖಲೆಯಲ್ಲಿ ಹುಡುಕಿದ. ಹೀಗೆ ಹತ್ತೊಂಬತ್ತು ದಿನ. ಕಣ್ಣು ಉರಿಯುತ್ತಿತ್ತು, ಊಟ ರುಚಿಸುತ್ತಿರಲಿಲ್ಲ. ಕೊನೆಗೆ ಒಬ್ಬ ವ್ಯಾಪಾರಿಯ ಹೆಸರೂ ಊರೂ ಸಿಕ್ಕವು. ಎರಡು ಬಸ್ಸು ಬದಲಿಸಿ ಹೋದ.

ವ್ಯಾಪಾರಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದ. ವಿಷಯ ಕೇಳಿ ನಕ್ಕ.

“ಇಷ್ಟಕ್ಕೆ ಇಲ್ಲಿಯ ತನಕ ಬಂದಿರಾ ರಾಯರೇ? ಬೇಡದಿದ್ದರೆ ಅಳಿಸಿದರಾಯಿತು, ಒಂದು ಬೆರಳಿನ ಕೆಲಸ!”

“ಸತ್ತವಳಿಗೆ ಲೇಹ್ಯ ಮಾರುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ?”

ವ್ಯಾಪಾರಿಯ ನಗು ಇಂಗಿತು. “ತಪ್ಪಾಯಿತು ಸ್ವಾಮಿ. ನನಗೆ ಗೊತ್ತಿರಲಿಲ್ಲ.”

“ಬದುಕಿದ್ದಾಗಲೂ ಅವಳಿಗೆ ಇದು ಬೇಕಿರಲಿಲ್ಲ. ಮಲಗಿದರೆ ಮಗ್ಗುಲು ಬದಲಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ಮಲಗಿದವನು ನಾನು. ಯಾರೋ ಸುಳ್ಳು ಹೇಳಿ ಅವಳ ಹೆಸರು ಕೊಟ್ಟಿದ್ದಾರೆ.”

ವ್ಯಾಪಾರಿ ಎದ್ದ. ಬೀರುವಿನಿಂದ ಒಂದು ಕಟ್ಟು ತೆಗೆದ. ಛತ್ರದಲ್ಲಿ ಪುಕ್ಕಟೆ ಆರೋಗ್ಯ ತಪಾಸಣೆಗೆ ಬಂದವರು ತಾವೇ ಬರೆದುಕೊಟ್ಟ ಚೀಟಿಗಳು. ತಪಾಸಣೆ ನಡೆಸಿದವರು ಅವನ್ನು ಅವನಿಗೆ ಮಾರಿದ್ದರು. ಅದರಿಂದ ಸುಭದ್ರಮ್ಮನ ಹೆಸರಿನ ಚೀಟಿ ಎಳೆದು ಮುಂದಿಟ್ಟ.

ಅಕ್ಷರ ಹೆಂಡತಿಯದೇ. ಭೂಮಾಪಕ ಅದನ್ನು ಓದಿದ. ಮತ್ತೊಮ್ಮೆ ಓದಿದ.

“ಈಗಲೇ ಹೆಸರು ಹೊಡೆದುಹಾಕಲೇ ಸ್ವಾಮಿ?” ಎಂದು ವ್ಯಾಪಾರಿ ಮೆಲ್ಲಗೆ ಕೇಳಿದ. ಭೂಮಾಪಕ ಚೀಟಿಯನ್ನು ಕೈಬಿಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹೆಸರು ಹೊಡೆದುಹಾಕಿಸಿದನೇ, ಗುರುಗಳೇ?” ಎಂದ ಶಿಷ್ಯ.

“‘ನಿದ್ದೆಯಿಲ್ಲದೆ ಎಷ್ಟು ದಿನವಾಯಿತು’ ಎಂಬ ಪ್ರಶ್ನೆಯ ಮುಂದೆ ಆ ಚೀಟಿಯಲ್ಲಿ ಆಕೆ ‘ಹನ್ನೊಂದು ವರ್ಷ’ ಎಂದು ಬರೆದಿದ್ದಳು.”