ಹಗುರವಾದ ಕಾರು

"ಗುರುಗಳೇ, ಹನ್ನೆರಡು ವರ್ಷ ಕಷ್ಟಪಟ್ಟು ಕಲಿತ ಶಾಸ್ತ್ರವನ್ನು ಎಲ್ಲರಿಗೂ ಅರ್ಥವಾಗುವಂತೆ ತಿಳಿಗನ್ನಡದಲ್ಲಿ ಬರೆ ಎನ್ನುತ್ತೀರಿ. ಅಷ್ಟು ಹಗುರ ಮಾಡಿದರೆ ಅದರ ಬೆಲೆ ಕುಗ್ಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಕಾರ್ಖಾನೆಯಲ್ಲಿ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದವು. ಬೆಲೆ ಕೇಳಿದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೊಂಡವರಿಗೆ ಮನೆಯ ದಾರಿಗಿಂತ ಪೆಟ್ರೋಲ್ ಬಂಕಿನ ದಾರಿಯೇ ಹೆಚ್ಚು ಪರಿಚಯ.

ಅಲ್ಲಿ ಇಂದುಮತಿ ಎಂಬ ಎಂಜಿನಿಯರ್ ಇದ್ದಳು. ತಾನೇ ನಕ್ಷೆ ಬರೆದ ಕಾರನ್ನು ತಾನೆಂದೂ ಕೊಳ್ಳಲಾರೆ ಎಂಬ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ದಿನ ಅವಳು ಯಜಮಾನರ ಎದುರು ನಿಂತು ಕೇಳಿಯೇಬಿಟ್ಟಳು.

"ಸಾರ್, ಸಂಬಳದವರೂ ಕೊಳ್ಳಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು ಮಾಡುತ್ತೇನೆ. ಪೆಟ್ರೋಲನ್ನೂ ಕಡಿಮೆ ಕುಡಿಯುತ್ತದೆ. ಅವಕಾಶ ಕೊಡಿ."

ಯಜಮಾನರು ನಕ್ಕರು. "ಎರಡು ವರ್ಷ ಕೊಡುತ್ತೇನೆ. ಘಾಟಿ ರಸ್ತೆಯಲ್ಲಿ ನನ್ನ ಕಾರಿಗಿಂತ ಮೊದಲು ನಿಮ್ಮದು ತುದಿ ಮುಟ್ಟಬೇಕು. ಮುಟ್ಟದಿದ್ದರೆ ಕಾರೂ ಇಲ್ಲ, ನಿಮಗೆ ಇಲ್ಲಿ ಕೆಲಸವೂ ಇಲ್ಲ."

ಸೋಲಿನ ಭಯದಿಂದ ಇಂದುಮತಿ ಪುಟ್ಟ ಕಾರಿಗೆ ದೊಡ್ಡ ಎಂಜಿನ್ನನ್ನೇ ಕೂರಿಸಿದಳು. ಅದನ್ನು ಹೊರಲು ದಪ್ಪ ಕಂಬಿಗಳು ಬೇಕಾದವು. ಕಂಬಿಗಳ ಭಾರವನ್ನು ತಡೆದು ನಿಲ್ಲಿಸಲು ದೊಡ್ಡ ಬ್ರೇಕುಗಳು ಬೇಕಾದವು. ಓಡಿಸಿ ನೋಡಿದ ಮೊದಲ ದಿನವೇ ಕಾರು ತಿರುವಿನಲ್ಲಿ ತಿರುಗದೆ ನೇರವಾಗಿ ಚರಂಡಿಗೆ ಇಳಿಯಿತು. ಅವಳಿಗೆ ಪೆಟ್ಟಾಗಲಿಲ್ಲ. ಆದರೆ ಒಂದು ವರ್ಷ ನೀರಿನಲ್ಲಿ ಹೋಮವಾಗಿತ್ತು. ಯಾರ ಮುಖವನ್ನೂ ನೋಡಲಾಗದೆ ಅವಳು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಳು.

ಕಾರನ್ನು ಮೇಲೆತ್ತಲು ಬಂದವರಲ್ಲಿ ವೆಲ್ಡಿಂಗ್ ಮಾಡುವ ಮೌಲಾಸಾಬ ಇದ್ದ. ಅವನು ಕಾರಿನಡಿ ಬಗ್ಗಿ ನೋಡಿ, ಒಂದು ಕಂಬಿಯನ್ನು ಬೆರಳಿನಿಂದ ಬಡಿದ.

"ಮೇಡಂ, ಇದು ಏನನ್ನು ಹೊರುತ್ತಿದೆ ಹೇಳಿ?"

ಇಂದುಮತಿ ಎದ್ದು ಬಂದು ಬಹಳ ಹೊತ್ತು ನೋಡಿದಳು. ಆ ಕಂಬಿ ತನ್ನ ಭಾರವನ್ನು ಬಿಟ್ಟು ಬೇರೇನನ್ನೂ ಹೊರುತ್ತಿರಲಿಲ್ಲ.

ಮರುದಿನದಿಂದ ಇಬ್ಬರೂ ಒಂದೊಂದೇ ಭಾಗವನ್ನು ಕೈಯಲ್ಲಿ ಹಿಡಿದು ಅದೇ ಪ್ರಶ್ನೆ ಕೇಳಿದರು. ಉತ್ತರ ಸಿಗದ ಭಾಗ ಹೊರಗೆ ಬಿತ್ತು. ದೊಡ್ಡ ಎಂಜಿನ್ ಹೋಗಿ ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಬಂತು. ಎಂಜಿನ್ ಸಣ್ಣದಾಯಿತೆಂದು ಕಂಬಿ ತೆಳುವಾಯಿತು, ಬ್ರೇಕು ಕಿರಿದಾಯಿತು. ಕೂತವರ ಪ್ರಾಣ ಕಾಯುವ ಯಾವುದನ್ನೂ ಅವರು ಮುಟ್ಟಲಿಲ್ಲ. ಕೊನೆಗೆ ಎಂಟು ಜನ ಸೇರಿ ಎತ್ತಿ ಪಕ್ಕಕ್ಕಿಡಬಹುದಾದಂಥ ಕಾರು ಉಳಿಯಿತು.

ಗಡುವಿನ ದಿನ ಬಂತು. ಘಾಟಿಯಲ್ಲಿ ಹದಿನೆಂಟು ತಿರುವು. ಬೇರೆ ವಾಹನಗಳನ್ನು ತಡೆದು ನಿಲ್ಲಿಸಿದ್ದರು. ದೊಡ್ಡ ಕಾರನ್ನು ಯಜಮಾನರೇ ಓಡಿಸಿದರು. ನೇರ ರಸ್ತೆಯಲ್ಲಿ ಅವರ ಕಾರು ಕಣ್ಣಿಗೇ ಕಾಣದಷ್ಟು ಮುಂದೆ ಹೋಯಿತು. ಕೆಲಸ ಹೋಯಿತೆಂದೇ ಇಂದುಮತಿ ಹೆದರಿದಳು.

ಆಮೇಲೆ ತಿರುವುಗಳು ಶುರುವಾದವು. ಪ್ರತಿ ತಿರುವಿನಲ್ಲಿಯೂ ಯಜಮಾನರು ಆ ಭಾರವನ್ನೆಲ್ಲ ಹಿಡಿದು ನಿಲ್ಲಿಸಿ, ಮತ್ತೆ ಎಬ್ಬಿಸಬೇಕಾಗಿತ್ತು. ಇಂದುಮತಿಯ ಕಾರು ಅವಳು ನೋಡಿದ ಕಡೆಗೆ ತಿರುಗುತ್ತಿತ್ತು. ನಾಲ್ಕನೆಯ ತಿರುವಿನಲ್ಲಿ ದೊಡ್ಡ ಕಾರಿನ ಹಿಂದಿನ ದೀಪ ಕಂಡಿತು. ಹತ್ತನೆಯದರಲ್ಲಿ ಅದರ ನಂಬರು ಓದುವಷ್ಟು ಹತ್ತಿರ ಬಂದಳು. ಭಯ ಎಲ್ಲಿ ಇಳಿದುಹೋಯಿತೋ ಅವಳಿಗೆ ತಿಳಿಯಲಿಲ್ಲ; ತಾನು ಗಟ್ಟಿಯಾಗಿ ನಗುತ್ತಿದ್ದೇನೆ ಎಂಬುದು ಮಾತ್ರ ತಿಳಿಯಿತು. ಹದಿನಾರನೆಯ ತಿರುವಿನಲ್ಲಿ ಒಳಬದಿಯಿಂದ ನುಗ್ಗಿ ಮುಂದಾದಳು. ತುದಿ ಮುಟ್ಟಿದಾಗ ಕೆಲಸಗಾರರ ಕೂಗಿಗೆ ಬೆಟ್ಟವೇ ದನಿಗೊಟ್ಟಿತು. ಮೌಲಾಸಾಬ ಟೋಪಿಯನ್ನು ಆಕಾಶಕ್ಕೆ ಎಸೆದ.

ಪೆಟ್ರೋಲ್ ಅಳೆದರು. ಪುಟ್ಟ ಕಾರು ಕುಡಿದದ್ದು ದೊಡ್ಡದರ ಮೂರರಲ್ಲಿ ಒಂದು ಪಾಲು.

ಯಜಮಾನರು ಕಾರಿನ ಸುತ್ತ ಒಂದು ಸುತ್ತು ಬಂದರು. "ಗೆದ್ದಿರಿ, ಒಪ್ಪಿದೆ. ಆದರೆ ಬೀದಿಗೊಂದು ಇಂಥ ಕಾರು ಓಡಾಡಿದರೆ ನನ್ನದನ್ನು ಯಾರು ತಿರುಗಿ ನೋಡುತ್ತಾರೆ?"

ಇಂದುಮತಿ ಕೀ ಮುಂದೆ ಚಾಚಿದಳು. "ಒಮ್ಮೆ ಓಡಿಸಿ ನೋಡಿ, ಸಾರ್."

ಯಜಮಾನರು ಕೆಳಗೆ ಹೋಗಿ ಮೇಲೆ ಬಂದರು. ನಿಲ್ಲಿಸದೆ ಮತ್ತೆ ಹೋದರು. ಮೂರನೆಯ ಸಲ ಬರುವಾಗ ಅರವತ್ತು ದಾಟಿದ ಆ ಮನುಷ್ಯ ಕಿಟಕಿಯಿಂದ ತಲೆ ಹೊರಹಾಕಿ ಕೇಕೆ ಹಾಕುತ್ತಿದ್ದರು.

ಮರುವರ್ಷ ಮೊದಲ ಪುಟ್ಟ ಕಾರನ್ನು ವಿದ್ಯುತ್ ಕಂಬ ಹತ್ತುವ ಒಬ್ಬ ಲೈನ್‌ಮನ್ ಕೊಂಡ. ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗ ಇಡೀ ಪಾಳಿಯ ಜನ ಗೇಟಿಗೆ ಬಂದು ಚಪ್ಪಾಳೆ ತಟ್ಟಿದರು. ಆ ವರ್ಷ ದೊಡ್ಡ ಕಾರುಗಳೂ ಮೊದಲಿನಷ್ಟೇ ಮಾರಾಟವಾದವು.

ಕತೆ ಮುಗಿಯಿತು. "ಕಾರು ಬೇರೆ, ಶಾಸ್ತ್ರ ಬೇರೆ" ಎಂದ ಶಿಷ್ಯ.

"ಬೇರೆಯೇ" ಎಂದರು ಗುರುಗಳು. "ಆದರೆ ನೀನು ಹೆದರಿದ್ದು ಶಾಸ್ತ್ರದ ಬೆಲೆ ಕುಗ್ಗುತ್ತದೆಂದೋ, ನಿನ್ನ ಬೆಲೆ ಕುಗ್ಗುತ್ತದೆಂದೋ?"

ಶಿಷ್ಯ ತಿಳಿಗನ್ನಡದಲ್ಲಿ ಬರೆಯಲು ಹಾಳೆ ಎಳೆದುಕೊಂಡ.